ಒಣಗಿರಬೇಕಿದ್ದ ಕಾಲುವೆ

ಗಲ್ಫ್ ದೇಶದಲ್ಲಿ ಸಂಸಾರ ಮಾಡುವವರ ಮನೆ ತುಂಬುವುದು ಅಂಗಡಿಯಿಂದಲ್ಲ, ಇಲ್ಲಿಂದ ಗಂಟುಮೂಟೆ ಕಟ್ಟುವವರಿಂದ. ಯಾರಿಗೋ ಕೆಲಸ ಹೋಗುತ್ತದೆ, ಯಾರಿಗೋ ಕೆನಡಾ ಸಿಗುತ್ತದೆ, ಇನ್ಯಾರದೋ ಮಗಳು ಕಾಲೇಜಿಗೆ ಬರುತ್ತಾಳೆ. ಮರುವಾರವೇ ಗಂಡ ಹೆಂಡತಿ ಇಬ್ಬರೂ ಒಂದು ಮಿಕ್ಸಿಯನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. "ಇಟ್ಕೊಳಿ ಸಾರ್, ಬಿಸಾಕೋಕೆ ಮನಸ್ಸು ಬರ್ತಿಲ್ಲ" ಅನ್ನುತ್ತಾರೆ. ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಹೀಗಾಗಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಕುಕ್ಕರ್ ದಾವಣಗೆರೆಯವರದು, ಪರದೆಗಳು ಹಾಸನದವರವು, ಬಾಲ್ಕನಿಯ ತುಳಸಿ ಯಾರದೆಂದು ನಮಗೇ ಮರೆತುಹೋಗಿದೆ. ಇದೆಲ್ಲ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಆದರೆ ಒಂದು ಇಡೀ ಊರನ್ನೇ ಇಸಿದುಕೊಂಡವನು ದೋಹಾದ ಕನ್ನಡಿಗರಲ್ಲಿ ಬಹುಶಃ ನಾನೊಬ್ಬನೇ. ಅದೂ ಇಂಗ್ಲೆಂಡಿನ ಊರು. ಒಂದು ಕಾಲುವೆ, ಒಂದು ರೈಲು ನಿಲ್ದಾಣ, ನಾಲ್ಕಾರು ಮನೆ. ಕೊಟ್ಟವರು ನಮ್ಮ ಆಫೀಸಿನ ನಾರ್ಮನ್. ಈಗ ಅವರೂ ಇಲ್ಲ, ಆ ಊರೂ ಇಲ್ಲ. ಜವಾಬು ಹೇಳುವುದಕ್ಕೆ ಉಳಿದಿರುವವನು ನಾನು.

ನಾನು ರೈಲು ಹಳಿ ಹಾಕುವ ಯೋಜನೆಯೊಂದರ ಆಫೀಸಿನಲ್ಲಿ ಪ್ಲಾನಿಂಗ್ ಎಂಜಿನಿಯರ್. ಹೆಸರು ದೊಡ್ಡದು. ಕೆಲಸವೇನೆಂದರೆ, ಯಾವ ಕಾಮಗಾರಿ ಯಾವತ್ತು ಮುಗಿಯಬೇಕೆಂದು ಕಂಪ್ಯೂಟರಿನಲ್ಲಿ ಬಣ್ಣದ ಗೆರೆ ಎಳೆಯುವುದು, ಅದು ಅವತ್ತು ಮುಗಿಯದಿದ್ದಾಗ ಗೆರೆಯನ್ನು ಬಲಕ್ಕೆ ಸರಿಸುವುದು. ನಾರ್ಮನ್ ನನ್ನ ಮ್ಯಾನೇಜರ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಲ್ ಹಿಲಾಲ್‌ನಲ್ಲಿ ಕಂಪನಿಯ ವಿಲ್ಲಾ. ಹಗಲೆಲ್ಲ ಕತಾರಿಗೆ ರೈಲು ತರುವ ಕೆಲಸ ಮಾಡಿ, ಸಂಜೆ ಮನೆಗೆ ಹೋಗಿ ತಮ್ಮ ಹುಟ್ಟೂರಿಗೆ ರೈಲು ತರುತ್ತಿದ್ದರು. ಮಲಗುವ ಕೋಣೆಯೊಂದನ್ನು ಖಾಲಿ ಮಾಡಿ, ಪ್ಲೈವುಡ್ ಮೇಲೆ ಪ್ಲಾಸ್ಟರ್ ಮೆತ್ತಿ, ತಾವು ಚಿಕ್ಕಂದಿನಲ್ಲಿ ನೋಡಿದ ಊರನ್ನು ಇದ್ದ ಹಾಗೆಯೇ ಕಟ್ಟಿದ್ದರು. ಅದನ್ನು ಅವರು ಹ್ಯಾಮ್ಲೆಟ್ ಅನ್ನುತ್ತಿದ್ದರು. ಹಳ್ಳಿಗಿಂತ ಸಣ್ಣದು, ಇಗರ್ಜಿಯಿಲ್ಲ, ಅಂಗಡಿಯಿಲ್ಲ ಎಂದು ನಾನು ಮನೆಯಲ್ಲಿ ವಿವರಿಸಿದಾಗ ನನ್ನ ಹೆಂಡತಿ ಪದ್ಮಿನಿ, "ಕೊಪ್ಪಲು ಅನ್ನಿ, ಅದಕ್ಯಾಕೆ ಅಷ್ಟು ಒದ್ದಾಡ್ತೀರಾ" ಎಂದಳು. ನಾವಿಬ್ಬರೂ ಮೈಸೂರಿನವರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ನಾರ್ಮನ್ ಕೊಪ್ಪಲು ಎಂದೇ ಆಯಿತು.

ಕೊಪ್ಪಲಿನ ಇತಿಹಾಸವನ್ನು ನಾರ್ಮನ್ ನನಗೆ ಎಷ್ಟು ರಜೆಯ ಶುಕ್ರವಾರ ಹೇಳಿದ್ದಾರೋ. ಮೊದಲು ಬಂದದ್ದು ಕಾಲುವೆ. ಕಲ್ಲಿದ್ದಲು ಹೇರಿದ ದೋಣಿಗಳನ್ನು ದಡದ ಮೇಲೆ ಕುದುರೆ ಎಳೆಯುತ್ತಿತ್ತಂತೆ. ಸೇತುವೆಯ ಕಲ್ಲಿನ ಮೂಲೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚುಗಳನ್ನೂ ಮಾದರಿಯಲ್ಲಿ ಕೆತ್ತಿದ್ದರು. ನಮ್ಮ ಅಜ್ಜಿ ಮನೆಯ ಬಾವಿಕಟ್ಟೆಯಲ್ಲೂ ಹಾಗೆಯೇ ಇದ್ದವು ಎಂದು ನಾನು ಹೇಳಿದ್ದಕ್ಕೆ ಅವರಿಗೆ ನನ್ನ ಮೇಲೆ ವಿಪರೀತ ಪ್ರೀತಿ ಬಂತು. ದೋಣಿಯನ್ನು ಎತ್ತರದ ನೀರಿನಿಂದ ತಗ್ಗಿನ ನೀರಿಗೆ ಇಳಿಸಲು ಎರಡು ಮರದ ಬಾಗಿಲುಗಳ ಒಂದು ತೊಟ್ಟಿ. ಆ ಬಾಗಿಲು ಕಾಯುತ್ತಿದ್ದವರು ನಾರ್ಮನ್‌ರ ಅಜ್ಜ; ಅವರದೊಂದು ಪುಟ್ಟ ಗೊಂಬೆಯನ್ನು ಮಾದರಿಯಲ್ಲೂ ಅಲ್ಲೇ ನಿಲ್ಲಿಸಿದ್ದರು. ಆಮೇಲೆ ಕಾಲುವೆಯ ಪಕ್ಕದಲ್ಲೇ ರೈಲು ಬಂತು. ರೈಲಿನವರು ಕಾಲುವೆಯನ್ನು ಕೊಂಡುಕೊಂಡರು, ನಡೆಸುವುದಕ್ಕಲ್ಲ, ಹೂಳು ತುಂಬಲಿ ಎಂದು. ನಾರ್ಮನ್‌ರ ಅಪ್ಪ ಹೋಗಿ ಅದೇ ರೈಲಿನಲ್ಲಿ ಪೋರ್ಟರ್ ಆಗಿ ಸೇರಿದಾಗ ಅಜ್ಜ ಮಗನ ಜೊತೆ ಕೂತು ಊಟ ಮಾಡುವುದನ್ನು ಬಿಟ್ಟರಂತೆ. ಆಮೇಲೆ ರಸ್ತೆ ಬಂತು, ರೈಲು ನಿಂತಿತು, ಹಳಿ ಕಿತ್ತರು. ನಾರ್ಮನ್ ಮೊದಲು ಕೆಲಸಕ್ಕೆ ಸೇರಿದ್ದು ರಸ್ತೆ ಇಲಾಖೆಗೆ. ಅಪ್ಪ ಊಟ ಬಿಡಲಿಲ್ಲವಂತೆ, ಸಾಯುವವರೆಗೆ ಆ ರಸ್ತೆಯಲ್ಲಿ ಮಾತ್ರ ಕಾಲಿಡಲಿಲ್ಲವಂತೆ. "ನಮ್ಮ ಮನೆಯಲ್ಲಿ ಪ್ರತಿ ಮಗನೂ ಅಪ್ಪನ ಅನ್ನ ಕಿತ್ತುಕೊಂಡವನೇ" ಎಂದು ನಾರ್ಮನ್ ನಗುತ್ತಾ ಹೇಳುತ್ತಿದ್ದರು. ಆ ನಗುವಿನಲ್ಲಿ ನಾನು ಸೇರುವುದೋ ಬೇಡವೋ ತಿಳಿಯದೆ ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದೆ.

ಈಗ ಆ ಕೊಪ್ಪಲಿನಲ್ಲಿ ಪಾರಂಪರ್ಯ ಸಂಘವೊಂದಿದೆಯಂತೆ. ನಿವೃತ್ತರಾದ ಗಂಡಸರು ಹೆಂಗಸರು ಭಾನುವಾರ ಭಾನುವಾರ ಮೊಣಕಾಲುದ್ದ ಕೆಸರಿಗಿಳಿದು ಕಾಲುವೆಯ ಹೂಳೆತ್ತುತ್ತಾರೆ. ಕೂಲಿಯಿಲ್ಲ. ಚಹಾ ಕೂಡ ಅವರವರೇ ಮನೆಯಿಂದ ತರಬೇಕು. ಅವರನ್ನು ಸ್ವಯಂಸೇವಕರು ಎಂದು ಕರೆಯುತ್ತಾರೆ ಎಂದು ನಾರ್ಮನ್ ಹೇಳಿದಾಗ, ನಮ್ಮಲ್ಲಿ ಇಂಥ ಕೆಲಸಕ್ಕೆ ಟೆಂಡರ್ ಕರೆಯುತ್ತಾರೆ, ಹೂಳು ಅಲ್ಲೇ ಇರುತ್ತದೆ ಎಂದು ನಾನು ಜಾಣತನ ಮೆರೆದೆ. ಸುಮ್ಮನೆ ಕೆಸರು ಹೊರುವವರ ತಲೆ ನೆಟ್ಟಗಿರುವುದಿಲ್ಲ ಎಂಬುದು ಆಗ ನನ್ನ ಅಭಿಪ್ರಾಯವಾಗಿತ್ತು.

ಹೋದ ಬೇಸಿಗೆಯಲ್ಲಿ ನಾರ್ಮನ್‌ರ ಪ್ಯಾಂಟು ಸಡಿಲವಾಗುತ್ತಾ ಬಂತು. ವಾಕಿಂಗ್ ಮಾಡುತ್ತಿದ್ದಾರೆ ಎಂದುಕೊಂಡು ನಾವೆಲ್ಲ ಮೆಚ್ಚಿದೆವು. ಹೊಟ್ಟೆಯೊಳಗೆ ಗೆಡ್ಡೆ ಇದೆ, ತೆಗೆಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕಂಪನಿ ತುಂಬ ಮರ್ಯಾದೆಯಿಂದ ಕೆಲಸ ಬಿಡಿಸಿತು, ಅಷ್ಟೇ ಮರ್ಯಾದೆಯಿಂದ ವಿಲ್ಲಾ ತೆರವು ಮಾಡಲು ಹೇಳಿತು. ಅವರು ಆಸ್ಪತ್ರೆಗೆ ಸೇರಿದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಕೊಪ್ಪಲನ್ನು ಹುಟ್ಟೂರಿನ ಸಂಘದವರು ತೆಗೆದುಕೊಳ್ಳಲು ಒಪ್ಪಿದ್ದರು. ಹಳೆಯ ಸ್ಟೇಷನ್ನಿನ ವೇಟಿಂಗ್ ರೂಮನ್ನು ರಿಪೇರಿ ಮಾಡುತ್ತಿದ್ದಾರೆ, ಅದು ಮುಗಿದ ಮೇಲೆ ಹಡಗಿನಲ್ಲಿ ತರಿಸಿಕೊಂಡು ಅಲ್ಲೇ ಇಡುತ್ತಾರೆ. ಅಲ್ಲಿಯವರೆಗೆ ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು. "ಅದೊಂದು ಅಲ್ಲಿಗೆ ಸೇರಿಬಿಟ್ಟರೆ ಸಾಕು. ನಾನು ಸೇರದಿದ್ದರೂ ಪರವಾಗಿಲ್ಲ" ಎಂದು ಹಾಸಿಗೆಯ ಮೇಲಿಂದ ನನ್ನ ಕೈ ಹಿಡಿದರು. "ನೀನು ಮಾಡಬೇಕಾದ್ದು ಒಂದೇ. ನೀರು ತಾಕದ ಹಾಗೆ ನೋಡಿಕೋ. ಬರೀ ಪ್ಲೈವುಡ್ ಮತ್ತು ಗೋಂದು ಅದು." ಅದೇನು ಮಹಾ ಎಂದುಕೊಂಡೆ. ಈ ಮರಳುಗಾಡಿನಲ್ಲಿ ಮನುಷ್ಯನಿಗೆ ಸಿಗದ ನೀರು ಪ್ಲೈವುಡ್ಡಿಗೆ ಎಲ್ಲಿಂದ ಬರಬೇಕು?

ಕೊಪ್ಪಲನ್ನು ಸಾಗಿಸಲು ಶೇಖರಣ್ಣ ಬಂದರು. ಅವರು ಉಡುಪಿ ಕಡೆಯವರು, ದೋಹಾ ಅಲ್ ಜದೀದಾದಲ್ಲಿ ಮರಗೆಲಸದ ಅಂಗಡಿ, ಸ್ವಂತ ಪಿಕಪ್ಪು. "ಇದೆಂಥದು ಮಾರಾಯ್ರೆ, ಒಂದು ಊರೇ ಉಂಟಲ್ಲ ಇಲ್ಲಿ" ಎಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಆಮೇಲೆ, "ಲಿಫ್ಟಿಗೆ ಹೋಗುದಿಲ್ಲ. ಯಲ್ಲಾ, ಹೊರಡಿ, ಮೆಟ್ಟಿಲಲ್ಲೇ ಎತ್ತುವ" ಎಂದರು. ನಾನೊಂದು ಕಡೆ, ಅವರೊಂದು ಕಡೆ ಹಿಡಿದು, ಮಾಳಿಗೆಗೊಂದು ಸಲ ಇಂಗ್ಲೆಂಡನ್ನು ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತಾ ಹತ್ತಿದೆವು. ಊಟದ ಮೇಜು ಬಾಲ್ಕನಿಗೆ ಹೋಯಿತು. ಹಾಲಿನ ತುಂಬ ಕೊಪ್ಪಲು ಕೂತಿತು. ನಾವು ಸೋಫಾದ ಮೇಲೆ ತಟ್ಟೆ ಹಿಡಿದು ಉಣ್ಣಲು ಶುರುಮಾಡಿದೆವು. "ಯಾರ್ಯಾರೋ ಬಿಟ್ಟುಹೋದ ಪಾತ್ರೆ ತೊಳೆದಿದ್ದಾಯ್ತು, ಇನ್ನು ಊರು ಗುಡಿಸೋದೊಂದು ಬಾಕಿ ಇತ್ತು" ಎಂದಳು ಪದ್ಮಿನಿ. ಆದರೂ ದಿನಾ ಬೆಳಿಗ್ಗೆ ಒಣ ಬಟ್ಟೆ ತೆಗೆದುಕೊಂಡು ಸ್ಟೇಷನ್ನಿನ ಮಾಡಿನ ಮೇಲಿನ ಧೂಳು ಒರೆಸುತ್ತಿದ್ದಳು. ನಾನು ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಹೆದರಿ ಅದರ ಕೆಳಗೆ ಬಕೆಟ್ ಇಟ್ಟೆ. ನೀರು ತಾಕಬಾರದು ಎಂದು ಅವಳಿಗೆ ಹೇಳಿದ್ದೆ ಎಂದು ನಾನು ಈಗಲೂ ಹೇಳುತ್ತೇನೆ. ಹೇಳಿರಲೇ ಇಲ್ಲ ಎಂದು ಅವಳು ಹೇಳುತ್ತಾಳೆ. ಟಿವಿ ನೋಡುತ್ತಾ ಹೇಳಿದ್ದನ್ನು ಹೇಳಿದ್ದು ಎಂದು ಲೆಕ್ಕಕ್ಕೆ ಹಿಡಿಯಬೇಕೇ ಎಂಬುದು ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಮೈಸೂರಿನವರು ಎಲ್ಲಿದ್ದರೂ ಗೊಂಬೆ ಕೂರಿಸಬೇಕು. ಪದ್ಮಿನಿಯ ಗೊಂಬೆಗಳು ತವರಿನಿಂದ ಹ್ಯಾಂಡ್ ಬ್ಯಾಗಿನಲ್ಲಿ, ಸೀರೆಗಳ ನಡುವೆ, ಒಂದೊಂದಾಗಿ ವಿಮಾನ ಹತ್ತಿ ಬಂದಂಥವು. ಪ್ರತಿ ವರ್ಷ ಊಟದ ಮೇಜಿನ ಮೇಲೆ ಮೆಟ್ಟಿಲು ಕಟ್ಟುತ್ತಿದ್ದಳು. ಈ ವರ್ಷ ಜಾಗವೆಲ್ಲಿ? ಒಂದು ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೊಪ್ಪಲನ್ನು ಸುತ್ತು ಹಾಕಿ, "ಊರೇ ರೆಡಿ ಇದೆಯಲ್ಲ, ಇಲ್ಲೇ ಕೂರಿಸ್ತೀನಿ. ಅವರೂರಿಗೂ ಒಂದು ದಸರಾ ಆಗ್ಲಿ" ಎಂದಳು. ಒಳ್ಳೆಯದೇ ಎಂದು ನನಗೂ ಅನ್ನಿಸಿತು. ಪಟ್ಟದ ಗೊಂಬೆಗಳು, ಅಂದರೆ ಕೆಂಪು ಮರದ ರಾಜ ರಾಣಿ, ಪ್ಲಾಟ್‌ಫಾರ್ಮಿನ ಮೇಲೆ ನಿಂತರು. ಸ್ಟೇಷನ್ನಿನ ಹೊಗೆ ಚಿಮಣಿ ರಾಜನ ಸೊಂಟಕ್ಕೆ ಬರುತ್ತಿತ್ತು. ಗೊಂಬೆ ಸಾಲಿನ ಶೆಟ್ಟಿ ದಂಪತಿ ಕಾಲುವೆಯ ದಂಡೆಯಲ್ಲಿ ಅಕ್ಕಿ ಬೇಳೆಯ ಅಂಗಡಿ ತೆರೆದರು. ನಾರ್ಮನ್‌ರ ಅಜ್ಜ, ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಮನುಷ್ಯ, ತನ್ನ ತೊಟ್ಟಿಯ ಬಾಗಿಲಲ್ಲಿ ನಿಂತು ಶೆಟ್ಟಮ್ಮನ ಕಾಲುಂಗುರ ನೋಡುತ್ತಿದ್ದ. ನಮ್ಮಲ್ಲಿ ಗೊಂಬೆಯ ಮುಂದೆ ಹೊಲಗದ್ದೆ ಮಾಡಲು ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸುತ್ತಾರೆ. ಇಲ್ಲಿ ಹೊಲಗಳು ಮೊದಲೇ ಇದ್ದವಾದ್ದರಿಂದ ಅವಳು ತಟ್ಟೆಯ ಗೋಜಿಗೆ ಹೋಗದೆ ಇಂಗ್ಲೆಂಡಿನ ನೆಲಕ್ಕೇ ತೆಳ್ಳಗೆ ಮಣ್ಣು ಹರಡಿ ರಾಗಿ ಚೆಲ್ಲಿ, ದಿನಾ ಚಿಮುಕಿಸಿದಳು. ಕಾಲುವೆಗೂ ದಿನಾ ತಾಮ್ರದ ಚೊಂಬಿನಿಂದ ನೀರು ತುಂಬಿದಳು. ಹಬ್ಬದಲ್ಲಿ ಒಣ ಕಾಲುವೆ ಇಟ್ಟುಕೊಂಡು ಕೂರುವ ಪದ್ಧತಿ ಅವರ ಮನೆಯಲ್ಲಿ ಇಲ್ಲವಂತೆ.

ಇದೆಲ್ಲ ನಡೆದದ್ದು ನಾನು ಆಫೀಸಿನಲ್ಲಿ ಗೆರೆ ಸರಿಸುತ್ತಿದ್ದಾಗ. ಒಂದು ಸಂಜೆ ಬಂದು ನೋಡಿದರೆ ಹಸಿರು ನಳನಳಿಸುತ್ತಿತ್ತು. ಅದು ಪ್ಲಾಸ್ಟಿಕ್ಕಿನದು ಎಂದುಕೊಂಡು ಭೇಷ್ ಎಂದೆ. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ನಾನೇ ಮುಂದೆ ನಿಂತು ವಿವರಣೆ ಕೊಟ್ಟೆ. "ಕಾಲುವೆ ನೋಡಿ, ಬರೀ ವಾರ್ನಿಷ್. ಥೇಟ್ ನೀರಿನ ಹಾಗೇ ಕಾಣ್ಸತ್ತೆ. ಅವರ ಕೈಚಳಕ ಅಂಥದ್ದು" ಎಂದೆ. ಒಬ್ಬಾಕೆ ಬೆರಳು ಅದ್ದಿ, ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮನೆಯ ಯಜಮಾನರು ಹೇಳುತ್ತಿದ್ದಾರಲ್ಲ ಎಂದು ಸುಮ್ಮನಾದರು. ಇಪ್ಪತ್ತು ವರ್ಷದಿಂದ ಎಂಜಿನಿಯರ್ ನಾನು.

ವಿಷಯ ಗೊತ್ತಾದದ್ದು ಮಗಳು ಅನಘಾಳಿಂದ. ಎಂಟನೇ ಕ್ಲಾಸು, ಕನ್ನಡ ಅಷ್ಟಕ್ಕಷ್ಟೇ. "ಅಪ್ಪಾ, ಸ್ಟೇಷನ್ ಫ್ಲೋಟ್ ಆಗ್ತಿದೆ" ಎಂದಳು. ಬಗ್ಗಿ ನೋಡಿದೆ. ಪ್ಲೈವುಡ್ಡು ನೀರು ಕುಡಿದು ಉಬ್ಬಿತ್ತು. ಹಳಿ ನಡುವೆ ಎದ್ದು ಡೊಂಕಾಗಿತ್ತು. ಕಾಲುವೆಯ ತೊಟ್ಟಿಯ ಬಾಗಿಲು ಕಳಚಿ ಬಿದ್ದಿತ್ತು. ಅಂಚಿಗೆ ಸುತ್ತಿದ್ದ ರೇಷ್ಮೆ ಸೀರೆಯನ್ನು ಎತ್ತಿದರೆ ಕೆಳಗೆ ಕಾರ್ಪೆಟ್ಟೂ ತೊಯ್ದಿತ್ತು, ಇಡೀ ಊರಿನಿಂದ ಹುಳಿ ವಾಸನೆ ಬರುತ್ತಿತ್ತು. ರಾಗಿ ಪೈರು ಮಾತ್ರ ಸಿಗ್ನಲ್ ಕಂಬ ಮೀರಿ ಬೆಳೆದಿತ್ತು. ಫೋನ್ ಮಾಡಿದ್ದಕ್ಕೆ ಶೇಖರಣ್ಣ ಬಂದು, ಒತ್ತಿ ನೋಡಿ, "ಖಲಾಸ್ ಮಾರಾಯ್ರೆ. ನೀರು ಕುಡಿದ ಪ್ಲೈವುಡ್ ಉಂಟಲ್ಲ, ಅದು ಮತ್ತೆ ವಾಪಸ್ ಬರುದಿಲ್ಲ. ಹಡಗು ಬಿಡಿ, ಮೆಟ್ಟಿಲು ಇಳಿಸುವಾಗ್ಲೇ ಕೈಗೆ ಬರ್ತದೆ" ಎಂದರು. ಪದ್ಮಿನಿ ಬೈದಿದ್ದರೆ ನಾನೂ ಬೈದು ಹಗುರಾಗಬಹುದಿತ್ತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅದರ ಮರುದಿನವೇ ನಾರ್ಮನ್ ಫೋನ್ ಮಾಡಬೇಕೆ? ಡಾಕ್ಟರು ಪ್ರಯಾಣಕ್ಕೆ ಒಪ್ಪಿದ್ದಾರೆ, ಹೋಗುವ ಮುಂಚೆ ಒಂದು ಸಲ ಊರು ನೋಡಿ ಹೋಗುತ್ತೇನೆ ಎಂದರು. ನಾನು ಮನೆಯಲ್ಲಿ ಬಣ್ಣ ಬಳಿಸುತ್ತಿದ್ದೇವೆ ಎಂದೆ. ಪರವಾಗಿಲ್ಲ ಎಂದರು. ಮಗಳಿಗೆ ಜ್ವರ ಎಂದೆ. ತಮಗೆ ಇನ್ನು ಅಂಟುವ ಕಾಯಿಲೆಯ ಭಯವಿಲ್ಲ ಎಂದರು. ವಿಜಯದಶಮಿಯ ಸಂಜೆ ಶೇಖರಣ್ಣನ ಪಿಕಪ್ಪಿನಲ್ಲಿ ಬಂದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಗಾಳಿಯ ತೇವಾಂಶ, ಸಮುದ್ರದ ಹವೆ ಎಂದೆಲ್ಲ ನಾನು ಕಲಿತುಕೊಂಡಿದ್ದ ಪಾಠ ಅವರ ಮುಖ ನೋಡುತ್ತಲೇ ಮರೆತುಹೋಯಿತು.

ಅವರು ರಾಜನನ್ನು ನೋಡಿದರು, ಪೈರನ್ನು ನೋಡಿದರು. ಪ್ಲಾಟ್‌ಫಾರ್ಮಿನ ಅಂಚನ್ನು ಮುಟ್ಟಿದರು. ಅದು ಮೆತ್ತಗೆ ಅವರ ಕೈಗೇ ಬಂತು. "ನಾನು ನಿನಗೆ ಹೇಳಿದ್ದು ಒಂದೇ ಮಾತು" ಎಂದರು. ಸಿಟ್ಟಿನಿಂದಲ್ಲ. ಸಿಟ್ಟಿಗೆ ಬೇಕಾದ ಶಕ್ತಿ ಅವರಲ್ಲಿ ಇರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪದ್ಮಿನಿ ಮುಂದೆ ಬಂದು, ತಪ್ಪು ತನ್ನದು, ನೀರು ಹಾಕಿದವಳು ತಾನು, ತನ್ನ ಗಂಡನಿಗೆ ಏನೂ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕೊನೆಯ ಮಾತು ಎಲ್ಲ ಅರ್ಥದಲ್ಲೂ ಸತ್ಯವಾಗಿತ್ತು.

"ನೀರು ಎಷ್ಟು ಹೊತ್ತು ನಿಂತಿತ್ತು?" ಎಂದು ಅವರು ಅವಳನ್ನು ಕೇಳಿದರು. ಮೊದಲ ದಿನ ಸಂಜೆಯವರೆಗೂ ನಿಂತಿತ್ತು ಎಂದಳು. ಎಲ್ಲಿ ಸೋರಿತು? ಸೇತುವೆಯ ಕೆಳಗೆ. ನಾರ್ಮನ್ ತಲೆಯಾಡಿಸಿದರು. ನಿಜವಾದ ಕಾಲುವೆ ಸೋರುತ್ತಿದ್ದದ್ದೂ ಅಲ್ಲೇ ಅಂತೆ. ಅಜ್ಜ ಆಯುಸ್ಸೆಲ್ಲ ಅಲ್ಲಿಗೆ ಜೇಡಿಮಣ್ಣು ಹಾಕಿ, ದನಗಳನ್ನು ಓಡಾಡಿಸಿ ತುಳಿಸುತ್ತಿದ್ದರಂತೆ. "ಎಲ್ಲವನ್ನೂ ಮಾಡಿದೆ. ಜೇಡಿಮಣ್ಣು ಹಾಕುವುದೊಂದು ಬಿಟ್ಟೆ" ಎಂದರು. ಅವರು ಕ್ಷಮಿಸಿದರು ಎಂದು ಇಲ್ಲಿ ಬರೆದರೆ ನನಗೆ ಹಿತವಾಗಿರುತ್ತದೆ. ಆದರೆ ಆಮೇಲೆ ಅವರು, "ಇನ್ನು ಸಂಘದವರಿಗೆ ಕಳಿಸಲು ಏನೂ ಇಲ್ಲ, ಅಲ್ಲವೇ?" ಎಂದು ಕೇಳಿದರು. ಅವರ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನಾನು ನಿಲ್ಲಲಾರದೆ ಒಂದು ಹಳೆಯ ಟವೆಲ್ ತಂದು, ಕೊಪ್ಪಲಿನ ಹಿಂದೆ ಬಗ್ಗಿ ಸೋರುತ್ತಿದ್ದ ನೀರನ್ನು ಒರೆಸುತ್ತಾ ಕುಳಿತೆ. ಆಗಲೇ ಅವರು ಅನಘಾಳನ್ನು ಕರೆದು ತಂಗಿಗೆ ಕಳಿಸಲು ಒಂದು ಫೋಟೋ ತೆಗೆಯಲು ಹೇಳಿದರು.

ಹೊರಡುವ ಹೊತ್ತಿಗೆ ಪದ್ಮಿನಿ ಪಟ್ಟದ ಗೊಂಬೆಗಳನ್ನು ಮಲಗಿಸಲು ಕೈಹಾಕಿದಳು. ವಿಜಯದಶಮಿಯ ದಿನ ಗೊಂಬೆಗಳನ್ನು ಮಲಗಿಸಿ ಹಬ್ಬ ಮುಗಿಸುವುದು ನಮ್ಮ ಪದ್ಧತಿ. ಇದೇನೆಂದು ನಾರ್ಮನ್ ಕೇಳಿದರು. ಮುಂದಿನ ವರ್ಷದವರೆಗೆ ನಿದ್ದೆ ಎಂದು ಅವಳು ಹೇಳಿದಳು. ಅವರು ಕೈಚಾಚಿ ಅಜ್ಜನನ್ನು ತೊಟ್ಟಿಯ ಬಾಗಿಲಿನಿಂದ ಎತ್ತಿ ರಾಜನ ಪಕ್ಕದಲ್ಲಿ ಮಲಗಿಸಿದರು. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಪೋರ್ಟರ್ ಅಪ್ಪನ ಪುಟ್ಟ ಗೊಂಬೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಅಜ್ಜ ಇಲ್ಲೇ ಇರಲಿ. ಅವರು ರೈಲನ್ನೇ ಹತ್ತಿದವರಲ್ಲ, ವಿಮಾನ ಹತ್ತುತ್ತಾರೆಯೇ" ಎಂದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ದೀಪಾವಳಿಗೆ ಮೊದಲೇ ತಂಗಿಯಿಂದ ಸುದ್ದಿ ಬಂತು.

ಕೊಪ್ಪಲನ್ನು ನಾನೂ ಶೇಖರಣ್ಣನೂ ಸೇರಿ ಒಡೆದೆವು. ಸ್ಟೇಷನ್ನು ಒಂದು ಕಪ್ಪು ಚೀಲಕ್ಕೆ ಹೋಯಿತು, ಕಾಲುವೆ ಇನ್ನೊಂದಕ್ಕೆ. ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದೆವು. ಊಟದ ಮೇಜು ಹಾಲಿಗೆ ಮರಳಿತು. ಯಾರಿಗೂ ಅಲ್ಲಿ ಕೂತು ಉಣ್ಣಲು ಮನಸ್ಸಾಗಲಿಲ್ಲ.

ಸಂಘದವರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವರು ಬೈಯಲಿಲ್ಲ. ವೇಟಿಂಗ್ ರೂಮಿನ ಗೋಡೆ ಖಾಲಿ ಇದೆ, ಆ ಮಾದರಿಯದು ಯಾವುದಾದರೂ ಚಿತ್ರ ಇದೆಯೇ ಎಂದಷ್ಟೇ ಕೇಳಿದರು. ನಮ್ಮಲ್ಲಿ ಇದ್ದದ್ದು ಅನಘಾ ತೆಗೆದದ್ದೊಂದೇ. ಕಳಿಸಿದೆ. ಮೊನ್ನೆ ಅದನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ ನೇತುಹಾಕಿರುವುದರ ಫೋಟೋ ಕಳಿಸಿದ್ದಾರೆ. ಕುರ್ಚಿಯಲ್ಲಿ ನಾರ್ಮನ್, ಪ್ಲಾಟ್‌ಫಾರ್ಮಿನ ಮೇಲೆ ರೈಲಿಗೆ ಕಾಯುತ್ತಾ ನಿಂತ ಮೈಸೂರಿನ ರಾಜ ರಾಣಿ, ಹಿಂದೆ ಟವೆಲ್ ಹಿಡಿದು ಕಾಲುವೆಯ ಪಕ್ಕ ಬಗ್ಗಿರುವ ನಾನು. ಕೆಳಗೆ ಅಚ್ಚುಕಟ್ಟಾಗಿ ಬರೆಸಿದ್ದಾರೆ: ನಮ್ಮ ಕೊನೆಯ ಪೋರ್ಟರನ ಮಗ, ಮತ್ತು ಒಬ್ಬ ಸ್ವಯಂಸೇವಕ. ನಾರ್ಮನ್ ನನಗೆ ವಹಿಸಿದ್ದು ನೀರು ತಾಕದಂತೆ ನೋಡಿಕೊಳ್ಳುವ ಒಂದೇ ಕೆಲಸ. ಆ ಗೋಡೆಯ ಮೇಲೆ ನಾನದನ್ನು ಇನ್ನೂ ಮಾಡುತ್ತಲೇ ಇದ್ದೇನೆ.